ನಲವತ್ಮೂರನೇ ಪುಟದ ಮುದ್ರೆ

ನಾನು ಒಂದು ಪುಸ್ತಕ. ಒಳ್ಳೆಯ ಪುಸ್ತಕ ಎಂದು ನಾನೇ ಹೇಳಿಕೊಂಡರೆ ಜಂಬ ಅನ್ನುತ್ತೀರಿ. ಆದರೆ ಅಳಿಸುವ ಪುಸ್ತಕ ಎಂದರೆ ಯಾರೂ ಅಲ್ಲಗಳೆಯಲಾರರು. ನನಗೆ ನೂರಾ ತೊಂಬತ್ತೆರಡು ಪುಟ. ಅದರಲ್ಲಿ ಯಾರ ಕಣ್ಣೂ ಒದ್ದೆಯಾಗದ ಪುಟ ಹುಡುಕಬೇಕೆಂದರೆ ನಿಮಗೆ ಅರ್ಧ ದಿನ ಬೇಕು.

ನಾನು ಜಪಾನಿನ ಚಿತ್ರಕತೆ. ಅಲ್ಲಿ ನಮ್ಮ ಕುಲಕ್ಕೆ ಮಾಂಗಾ ಎಂದು ಹೆಸರು. ನನ್ನನ್ನು ಇಂಗ್ಲಿಷಿಗೆ ಇಳಿಸಿ, ಸಮುದ್ರದಾಚೆಯ ಒಂದು ದೊಡ್ಡ ಮುದ್ರಣಾಲಯದಲ್ಲಿ ಅಚ್ಚು ಹಾಕಿದರು. ನನ್ನಂಥವರನ್ನು ದಾರ ಹಾಕಿ ಹೊಲಿಯುವುದಿಲ್ಲ, ಬೆನ್ನಿಗೆ ಬಿಸಿ ಅಂಟು ಬಳಿದು ರಕ್ಷಾಪುಟ ಒತ್ತಿಬಿಡುತ್ತಾರೆ. ಹುಟ್ಟುವಾಗಲೇ ಬೆನ್ನು ಸುಡಿಸಿಕೊಂಡ ಜೀವ ನನ್ನದು. ಆ ಜಾತಿಯ ಬೆನ್ನು ಬಹಳ ದಿನ ಬಾಳುವುದೂ ಇಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ನಮ್ಮನ್ನು ಬಲದಿಂದ ಎಡಕ್ಕೆ ಓದುತ್ತಾರೆ. ನೀವು ಕೊನೆಯ ಪುಟ ಅನ್ನುವ ಕಡೆ ನಮ್ಮ ಮೊದಲ ಪುಟ ಇರುತ್ತದೆ. ತಿಳಿಯದವರು ತೆರೆದರೆ ಪುಟದ ಅಂಕಿಗಳು ನೂರಾ ತೊಂಬತ್ತೆರಡು, ನೂರಾ ತೊಂಬತ್ತೊಂದು ಎಂದು ಹಿಂದಕ್ಕೆ ನಡೆಯುತ್ತ ಹೋಗುತ್ತವೆ.

ಇನ್ನು ನನ್ನ ಹೊಟ್ಟೆಯೊಳಗಿನ ಕತೆ. ಇಸಾವೊ ಎಂಬವನು ದ್ವೀಪದಿಂದ ದ್ವೀಪಕ್ಕೆ ಜನರನ್ನು ಸಾಗಿಸುವ ದೋಣಿ ನಡೆಸುತ್ತಾನೆ. ರೆಂಜಿ ಎಂಬವನು ಬಂದರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಾನೆ. ಇಬ್ಬರೂ ಗಂಡಸರು, ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಊರಿಗೆ ಹೆದರುತ್ತಾರೆ. ಬಿರುಗಾಳಿ ಬರುತ್ತದೆ, ದೋಣಿ ಮುಳುಗುತ್ತದೆ, ಒಬ್ಬನಿಗೆ ನೆನಪು ಹೋಗಿ ಸಮಯ ನೋಡಿಕೊಂಡು ವಾಪಸು ಬರುತ್ತದೆ. ನಲವತ್ತೆರಡು, ನಲವತ್ಮೂರನೇ ಪುಟಗಳು ಎದುರುಬದುರು. ಅವೆರಡನ್ನೂ ತುಂಬಿಕೊಂಡು ಇಬ್ಬರೂ ಮುಖಕ್ಕೆ ಮುಖ ತಂದು, ಸರಿಯಾಗಿ ಪುಟದ ಮಡಿಕೆಯಲ್ಲಿ, ಮುತ್ತು ಕೊಟ್ಟುಕೊಳ್ಳುತ್ತಾರೆ. ಕೊನೆಗೆ ನೂರಾ ತೊಂಬತ್ತು, ನೂರಾ ತೊಂಬತ್ತೊಂದನೇ ಪುಟಗಳಲ್ಲಿ, ಹಿಮ ಬೀಳುವ ರೈಲು ನಿಲ್ದಾಣದಲ್ಲಿ, ಒಬ್ಬರಿಗೊಬ್ಬರು ಬೆನ್ನು ಹಾಕಿ ಒಬ್ಬ ಬಲಕ್ಕೆ, ಒಬ್ಬ ಎಡಕ್ಕೆ ನಡೆದುಬಿಡುತ್ತಾರೆ. ಅಷ್ಟೇ, ಮತ್ತೆ ಸೇರುವುದಿಲ್ಲ. ಇದನ್ನು ಓದಿ ಅಳದವರನ್ನು ನಾನು ಕಂಡಿಲ್ಲ.

ಬೆಂಗಳೂರಿನಲ್ಲಿ ಮೊದಲು ನನ್ನನ್ನು ಕೊಂಡವಳು ಕಾಲೇಜಿನ ಹುಡುಗಿ. ಅತ್ತಳು, ಎಂಬತ್ತೆಂಟನೇ ಪುಟದ ಮೇಲೆ ಚಹಾ ಚೆಲ್ಲಿದಳು, ಹಾಸ್ಟೆಲ್ ಬಿಡುವಾಗ ಬಿಟ್ಟು ಹೋದಳು. ಅಲ್ಲಿಂದ ನಾನು ಹಳೇ ಪುಸ್ತಕ ಮಾರುವವನ ಫುಟ್‌ಪಾತಿಗೆ ಬಂದೆ. ಮೇಲೆ ಬಿಸಿಲು, ಕೆಳಗೆ ಗೋಣಿತಾಟು, ಪಕ್ಕದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು. ಅವುಗಳ ಸಂಗ ಯಾರಿಗೂ ಬೇಡ.

ಅಲ್ಲಿ ನನ್ನನ್ನು ಕೈಗೆತ್ತಿಕೊಂಡವನು ಶಿವಯೋಗಿ ಬಡಿಗೇರ. ಗದಗಿನ ಒಂದು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ, ಮೂವತ್ತಾರು ವರ್ಷ, ಮದುವೆಯಾಗಿರಲಿಲ್ಲ. ಬಣ್ಣ, ಬ್ರಷ್ಷು ಕೊಳ್ಳಲು ಬಂದಿದ್ದನಂತೆ. ಎಲ್ಲರಂತೆ ಉಲ್ಟಾ ತೆರೆದ, ಹುಬ್ಬು ಗಂಟಿಕ್ಕಿದ, ಆಮೇಲೆ ತಾನೇ ಕಂಡುಕೊಂಡು ಸರಿಯಾದ ಕಡೆಯಿಂದ ಶುರು ಮಾಡಿದ. ಬಿಸಿಲಲ್ಲಿ ನಿಂತೇ ನಲವತ್ಮೂರನೇ ಪುಟದವರೆಗೆ ಓದಿದ. ಪಟ್ಟನೆ ಮುಚ್ಚಿದ. ಆ ಕಡೆ ಈ ಕಡೆ ನೋಡಿದ. ಕೊಂಡ.

ಊರಲ್ಲಿ ಮಾಸ್ತರ ಇದ್ದದ್ದು ಅಣ್ಣನ ಸಂಸಾರದ ಜೊತೆ. ಆ ಮನೆಯಲ್ಲಿ ಬೀಗವಿರುವ ಕಪಾಟು ಒಂದೂ ಇರಲಿಲ್ಲ. ಹಾಗಾಗಿ ನನಗೆ ಶಾಲೆಯ ಡ್ರಾಯಿಂಗ್ ಕೋಣೆಯ ಕಪಾಟಿನಲ್ಲಿ, ಡ್ರಾಯಿಂಗ್ ಹಾಳೆಯ ಸುರುಳಿಗಳ ಕೆಳಗೆ ವಾಸ. ಮಧ್ಯಾಹ್ನದ ಬಿಡುವಿನಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ನನ್ನನ್ನು ತೆಗೆಯುತ್ತಿದ್ದ. ಓದಿದ, ಅತ್ತ, ಅದು ಸರಿ. ಆಮೇಲೆ ಅವನು ಮಾಡಿದ ಕೆಲಸ ನೋಡಿ! ಮಾತಿನ ಗುಳ್ಳೆಗಳೊಳಗಿನ ಇಂಗ್ಲಿಷಿನ ಮೇಲೆ ಬಿಳಿ ಪೋಸ್ಟರ್ ಬಣ್ಣ ಬಳಿದ. ಒಣಗಿದ ಮೇಲೆ ಸಣ್ಣ ನಿಬ್ಬಿನಿಂದ, ಕರಿ ಇಂಕಿನಲ್ಲಿ, ಕನ್ನಡ ಬರೆದ. ಒಂದು ಗುಳ್ಳೆಯಲ್ಲ, ಎರಡಲ್ಲ, ಎಲ್ಲಾ. ಎರಡು ವರ್ಷ ಹಿಡಿಯಿತು. ನನ್ನ ಇಸಾವೊ, ಜಪಾನಿನ ಕಡಲಲ್ಲಿ ಹುಟ್ಟಿದವನು, ‘ಲೇ, ಗಾಳಿ ಭಾಳ ಐತಿ, ಇವತ್ತ ದೋಣಿ ಬಿಡೂದು ಬ್ಯಾಡ’ ಅನ್ನತೊಡಗಿದ. ಮೊದಮೊದಲು ನನಗೆ ನಾಚಿಕೆಯಾಯಿತು. ಬರಬರುತ್ತ ರೂಢಿಯಾಯಿತು. ಕೊನೆಕೊನೆಗೆ ಅವರು ಬೇರೆ ಭಾಷೆಯಲ್ಲಿ ಎಂದಾದರೂ ಮಾತಾಡಿದ್ದರೇ ಎಂದು ನನಗೇ ಅನುಮಾನ.

ಇಲ್ಲಿ ಒಂದು ಗಂಡಾಂತರ ಇತ್ತು. ಮಾಸ್ತರನ ಅಕ್ಷರ ಇಡೀ ಊರಿಗೆ ಗೊತ್ತು. ಶಾಲೆಯ ಪ್ರಶಸ್ತಿ ಪತ್ರದ ಮೇಲೆ ಹೆಸರು ಬರೆಯುವವನು ಅವನೇ, ಗೇಟಿನ ಮೇಲಿನ ಸುಸ್ವಾಗತವೂ ಅವನದೇ. ಅವನು ‘ಳ’ ಬರೆದರೆ ಅದರ ಬಾಲ ಕೆಳಗಿಳಿದು ಹಿಂದಕ್ಕೆ ಸುತ್ತಿಕೊಳ್ಳುತ್ತಿತ್ತು. ನನ್ನ ಯಾವ ಪುಟ ತೆರೆದರೂ ಇದು ಯಾರ ಕೈ ಎಂದು ಮೂರನೇ ಈಯತ್ತೆಯ ಮಗುವೂ ಹೇಳುತ್ತಿತ್ತು. ಯಾರಾದರೂ ನೋಡಿದರೆ ಅವನ ನೌಕರಿ, ಅಣ್ಣನ ಮನೆ, ಬೀದಿಯಲ್ಲಿ ತಲೆ ಎತ್ತಿ ನಡೆಯುವ ಧೈರ್ಯ, ಎಲ್ಲ ಹೋಗುತ್ತಿತ್ತು. ಅವನಿಗೂ ಗೊತ್ತಿತ್ತು. ಆದರೂ ಬರೆದ.

ಯಾರಿಗಾಗಿ ಬರೆದ? ತನಗಂತೂ ಅಲ್ಲ, ಅವನಿಗೆ ಇಂಗ್ಲಿಷ್ ಬರುತ್ತಿತ್ತು.

ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಗವಿಸಿದ್ಧ ಎಂಬ ಬೈಂಡರ್ ಶಾಲೆಗೆ ಬರುತ್ತಿದ್ದ. ಲೈಬ್ರರಿಯ ಹರಿದ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ, ಹೊಲಿದು, ರಟ್ಟು ಕಟ್ಟಿ ತಂದು ಕೊಡುತ್ತಿದ್ದ. ದಪ್ಪ ಬೆರಳು, ಉಗುರಿನ ಸಂದಿಯಲ್ಲಿ ಅಂಟು, ಮಾತು ಕಡಿಮೆ. ಅವನ ಅಂಗಡಿಗೆ ಬೋರ್ಡು ಬರೆದುಕೊಟ್ಟವನು ನಮ್ಮ ಮಾಸ್ತರ. ಆ ನೆಪದಲ್ಲಿ ಒಂದು ವಾರ ದಿನಾ ಅಂಗಡಿಗೆ ಹೋಗಿದ್ದ. ಬೋರ್ಡಿನಲ್ಲಿ ಇದ್ದದ್ದು ಮೂರೇ ಮೂರು ಶಬ್ದ! ಗವಿಸಿದ್ಧನಿಗೆ ಒಂದು ಮಾತಿನ ಚಟ. ಯಾರು ಏನು ಅವಸರ ಮಾಡಿದರೂ, ‘ತಡೀರಿ, ಒಣಗಲಿ’ ಅನ್ನುತ್ತಿದ್ದ. ನನ್ನ ಎಪ್ಪತ್ತೊಂದನೇ ಪುಟದಲ್ಲಿ ರೆಂಜಿ ಗಡಿಯಾರದ ಪೆಟ್ಟಿಗೆಗೆ ಅಂಟು ಹಚ್ಚುತ್ತ ಕೂತಿರುತ್ತಾನೆ, ಇಸಾವೊ ಅವಸರ ಮಾಡುತ್ತಾನೆ. ಅಲ್ಲಿ ಇಂಗ್ಲಿಷಿನಲ್ಲಿ ಏನೋ ಒಂದು ಇತ್ತು. ಮಾಸ್ತರ ಅದನ್ನು ಅಳಿಸಿ ಬರೆದದ್ದು, ‘ತಡೀರಿ, ಒಣಗಲಿ.’

ಮೂರು ಏಪ್ರಿಲ್ ಅವನು ನನ್ನನ್ನು ಕಪಾಟಿನಿಂದ ತೆಗೆದು ಕೈಚೀಲದಲ್ಲಿ ಇಟ್ಟುಕೊಂಡ. ಮೂರು ಸಲವೂ ಬೈಂಡರ್ ಬಂದ, ಚೀಲ ಹೊತ್ತ, ಹೋದ. ಮೂರು ಸಲವೂ ನಾನು ವಾಪಸು ಸುರುಳಿಗಳ ಕೆಳಗೆ. ಅಷ್ಟರಲ್ಲಿ ನನ್ನ ಬೆನ್ನಿನ ಅಂಟು ಬಿರಿದು, ಹಾಳೆಗಳು ಒಂದೊಂದಾಗಿ ಸಡಿಲವಾಗಿದ್ದವು.

ನಾಲ್ಕನೇ ಏಪ್ರಿಲ್ ಬಂತು. ಮಾಸ್ತರ ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಎಂಟು ದಿನ ಧಾರವಾಡಕ್ಕೆ ಹೋದ. ಶಾಲೆಯಲ್ಲಿ ಕನ್ನಡ ಕಲಿಸುವ, ಲೈಬ್ರರಿಯನ್ನೂ ನೋಡಿಕೊಳ್ಳುವ ಹೊಸಮನಿ ಅಕ್ಕೋರಿಗೆ ಸ್ವಚ್ಛತೆಯ ಹುಚ್ಚು. ಬೇಸಿಗೆ ರಜೆಗೆ ಮುಂಚೆ ಆಫೀಸಿನಿಂದ ಬೀಗದ ಕೈ ತಂದು ಎಲ್ಲಾ ಕೋಣೆಗಳ ಕಪಾಟು ತೆಗೆಸಿ ಧೂಳು ಹೊಡೆಸಿದರು. ಸುರುಳಿ ಎತ್ತಿದಾಗ ಸಿಕ್ಕವನು ನಾನು. ಕೈಯಲ್ಲಿ ಹಿಡಿದು ರಕ್ಷಾಪುಟದ ಚಿತ್ರ, ಬಿರಿದ ಬೆನ್ನು ಮಾತ್ರ ನೋಡಿದರು.

“ಅಯ್ಯ, ಚಿತ್ರದ ಪುಸ್ತಕ. ಹುಡುಗ್ರು ಹೆಂಗ ಹರದಾವ ನೋಡ್ರಿ” ಎಂದು ಬೈಂಡಿಂಗಿನ ಚೀಲಕ್ಕೆ ಒಗೆದರು. ಪಟ್ಟಿಯಲ್ಲಿ ನಲವತ್ತೆಂಟು ಪುಸ್ತಕ. ನಾನು ನಲವತ್ತೊಂಬತ್ತನೆಯವನು, ಪಟ್ಟಿಯಲ್ಲಿ ಇಲ್ಲದವನು.

ಪ್ರಿಂಟಿಂಗ್ ಪ್ರೆಸ್ಸುಗಳ ಓಣಿಯ ತುದಿಯಲ್ಲಿ ಗವಿಸಿದ್ಧನ ಅಂಗಡಿ. ಮೈದಾ ಗಂಜಿಗೆ ಹುಳ ಹತ್ತದಿರಲೆಂದು ಮೈಲುತುತ್ತು ಬೆರೆಸಿದ ವಾಸನೆ, ಗೋಡೆಗೆ ಆನಿಸಿದ ರಟ್ಟು, ನಡುವೆ ಪುಸ್ತಕ ಒತ್ತಿಡುವ ತಿರುಗಣಿಯ ಪ್ರೆಸ್ಸು. ನನ್ನ ಸರದಿ ಬಂದಾಗ ಗವಿಸಿದ್ಧ ತೆರೆದು ನೋಡಿದ. ನೂರಾ ತೊಂಬತ್ತೆರಡು. ಹಾಳೆ ತಿರುವಿದ. ನೂರಾ ತೊಂಬತ್ತೊಂದು. ಅವನ ಮುಖ ಕೆಂಪಾಯಿತು.

“ಯಾವ ಮಳ್ಳ ಕಟ್ಟ್ಯಾನಪಾ ಇದನ್ನ? ಪೂರಾ ಉಲ್ಟಾ!” ಎಂದ. ಪಕ್ಕದ ಅಂಗಡಿಯವನಿಗೆ ಕೇಳುವಂತೆ ಇನ್ನೊಂದು ಮಾತೂ ಸೇರಿಸಿದ: “ಪುಟಾ ತಪ್ಪಿದ ಪುಸ್ತಕ ನನ್ನ ಹೊಸ್ತಿಲಾ ದಾಟಂಗಿಲ್ಲ ಮತ್ತ!” ಅದು ಅವನ ವೃತ್ತಿಯ ಹಟ. ಎಲ್ಲರ ಹತ್ತಿರವೂ ಹೇಳುತ್ತಿದ್ದ.

ಅಯ್ಯೋ ಪುಣ್ಯಾತ್ಮ, ನಾನು ಹುಟ್ಟಿದ್ದೇ ಹಾಗೆ ಎಂದು ಕೂಗಿಕೊಂಡೆ. ಪುಸ್ತಕದ ಕೂಗು ಯಾರಿಗೆ ಕೇಳುತ್ತದೆ? ಕಟಿಂಗ್ ಮಷೀನಿನ ಕೆಳಗೆ ಇಟ್ಟು ನನ್ನ ಬೆನ್ನನ್ನು ಒಂದೇ ಏಟಿಗೆ ಕತ್ತರಿಸಿ ತೆಗೆದ. ನಲವತ್ಮೂರನೇ ಪುಟದ ಮುತ್ತು ಎಲ್ಲಿತ್ತು ಎಂದೆ? ಸರಿಯಾಗಿ ಮಡಿಕೆಯಲ್ಲಿ. ಇಬ್ಬರ ತುಟಿಗಳೂ ಕಾಗದದ ಪಟ್ಟಿಯಾಗಿ ನೆಲಕ್ಕೆ ಬಿದ್ದವು. ಅವತ್ತು ಆ ಮನುಷ್ಯನಿಗೆ ನಾನು ಹಾಕಿದ ಶಾಪ ಒಂದೆರಡಲ್ಲ.

ಆಮೇಲೆ ಅವನು ಹಾಳೆಗಳನ್ನು ಅಂಕಿಯ ಪ್ರಕಾರ, ಕನ್ನಡದ ಪುಸ್ತಕದಂತೆ ಎಡದಿಂದ ಬಲಕ್ಕೆ ಜೋಡಿಸಲು ಕೂತ. ಬಲಗಡೆ ಇರಬೇಕಾದ ಪುಟ ಎಡಕ್ಕೆ ಬಂತು, ಎಡದ್ದು ಬಲಕ್ಕೆ ಹೋಯಿತು. ಹತ್ತು ಹದಿನೈದು ಹಾಳೆ ಆದ ಮೇಲೆ ಅವನ ಕಣ್ಣು ಗುಳ್ಳೆಯೊಳಗಿನ ಕನ್ನಡದ ಮೇಲೆ ಬಿತ್ತು. ಒಂದು ಸಾಲು ಓದಿದ, ನಕ್ಕ. ಇನ್ನೊಂದು ಓದಿದ. ಕೈ ನಿಧಾನವಾಯಿತು. ಎಪ್ಪತ್ತೊಂದನೇ ಪುಟಕ್ಕೆ ಬಂದಾಗ ಕೈ ನಿಂತೇ ಹೋಯಿತು.

“ತಡೀರಿ, ಒಣಗಲಿ” ಎಂದು ಮೆಲ್ಲಗೆ ಓದಿದ. ಮತ್ತೊಮ್ಮೆ ಓದಿದ. ಆ ಪುಟದ ಬೇರೆ ಗುಳ್ಳೆಗಳಲ್ಲಿದ್ದ ‘ಳ’ಗಳ ಬಾಲವನ್ನು ಬೆರಳಿನಿಂದ ಮುಟ್ಟಿದ. ಎದ್ದು ಅಂಗಡಿಯ ಹೊರಗೆ ಹೋಗಿ, ಓಣಿಯಲ್ಲಿ ನಿಂತು, ಕತ್ತೆತ್ತಿ ತನ್ನದೇ ಬೋರ್ಡನ್ನು ಬಹಳ ಹೊತ್ತು ನೋಡಿದ. ಒಳಗೆ ಬಂದು ಕೈಯ ಅಂಟನ್ನು ಸೋಪು ಹಚ್ಚಿ ತೊಳೆದ. ಒರೆಸಿಕೊಂಡ. ಮತ್ತೆ ಒಂದನೇ ಪುಟದಿಂದ ಶುರು ಮಾಡಿ, ಬಿಡಿ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತ, ಕೊನೆಯವರೆಗೆ ಓದಿದ. ಆ ದಿನ ಬೇರೆ ಯಾವ ಪುಸ್ತಕವನ್ನೂ ಅವನು ಮುಟ್ಟಲಿಲ್ಲ. ನನ್ನ ಶಾಪಗಳಲ್ಲಿ ಅರ್ಧವನ್ನು ಅಲ್ಲೇ ವಾಪಸು ತೆಗೆದುಕೊಂಡೆ.

ಮರುದಿನ ನನ್ನನ್ನು ಹೊಲಿದ. ಎಂದೂ ದಾರ ಕಾಣದ ನನ್ನ ಮೈಗೆ ದಾರ ಹಾಕಿದ, ನೀಲಿ ಬಟ್ಟೆಯ ಬೆನ್ನು ಕೊಟ್ಟ, ರಟ್ಟು ಕಟ್ಟಿ ಪ್ರೆಸ್ಸಿನಲ್ಲಿ ಇಟ್ಟು ತಿರುಗಣಿ ಬಿಗಿದ.

ಮಾಸ್ತರ ವಾಪಸು ಬಂದದ್ದು ಶನಿವಾರ. ಬಂದವನು ಕಪಾಟು ತೆಗೆದು ನೋಡಿದ, ಖಾಲಿ. ಅಕ್ಕೋರನ್ನು ಕೇಳಿದ. ಅವರು ಏನೆಂದರೆಂದು ನನಗೆ ಗೊತ್ತಾದದ್ದು ಬಹಳ ದಿನದ ಮೇಲೆ, ಅವನ ಬಾಯಿಂದಲೇ. “ಒಂದು ಹರಕ ಪುಸ್ತಕ ಇತ್ತಲ್ರಿ, ಬೈಂಡಿಂಗಿಗೆ ಹಾಕೀನಿ. ಸೋಮವಾರ ಬರತಾವ. ಮುದ್ರಿ ಹೊಡದು ಲೈಬ್ರರಿಗೆ ಇಟ್ಟಬಿಡತೀನಿ” ಅಂದಿದ್ದರಂತೆ.

ಮುದ್ರೆ ಎಂದರೆ ಏನು ಗೊತ್ತೇ? ಲೈಬ್ರರಿಗೆ ಹೊಸದಾಗಿ ಸೇರುವ, ಬೈಂಡಾಗಿ ವಾಪಸು ಬರುವ ಪ್ರತಿ ಪುಸ್ತಕಕ್ಕೂ ಮೊದಲ ಪುಟದಲ್ಲಿ ಒಂದು ಮುದ್ರೆ, ಒಳಗಿನ ಒಂದು ಗುಟ್ಟಿನ ಪುಟದಲ್ಲಿ ಇನ್ನೊಂದು. ಕಳ್ಳ ಮೊದಲ ಪುಟ ಹರಿದರೂ ಗುಟ್ಟಿನ ಪುಟ ಸಾಕ್ಷಿ ಹೇಳಲಿ ಎಂದು. ಗುಟ್ಟಿನ ಪುಟ ಒಂದೊಂದು ಲೈಬ್ರರಿಗೆ ಒಂದೊಂದು. ಹೊಸಮನಿ ಅಕ್ಕೋರ ಗುಟ್ಟಿನ ಪುಟ ನಲವತ್ಮೂರು.

ಮಾಸ್ತರ ಓಡೋಡಿ ಅಂಗಡಿಗೆ ಬಂದ. ನಾನು ಪ್ರೆಸ್ಸಿನೊಳಗೆ ಉಸಿರು ಬಿಗಿಹಿಡಿದು ಮಲಗಿದ್ದೆ. ಅವನ ಹೆಜ್ಜೆಯ ಸದ್ದು ಕೇಳಿಯೇ ಗುರುತು ಹಿಡಿದೆ. ಆದರೆ ಅಂಗಡಿಯಲ್ಲಿ ಇನ್ನೊಬ್ಬರಿದ್ದರು. ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರು, ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

“ಬರ್ರಿ ಸರ” ಎಂದ ಗವಿಸಿದ್ಧ. ಅವನ ದನಿಯಲ್ಲಿ ಏನೋ ಒಂದು ಬೇರೆ ಇತ್ತು. “ನಿಮ್ಮ ಸಾಲಿ ಪುಸ್ತಕದಾಗ ಪಟ್ಟಿಯೊಳಗ ಇಲ್ಲದ್ದು ಒಂದು ಬಂದೈತ್ರಿ. ಚಿತ್ರದ್ದು.”

“ಹೌದೇನು?” ಎಂದ ಮಾಸ್ತರ.

“ಅದರಾಗ ಒಬ್ಬಾಂವ ನನ್ನಂಗ ಮಾತಾಡತಾನ್ರಿ.”

ಯಜಮಾನರು ಬಸಿಯಲ್ಲಿ ಉಳಿದ ಚಹಾ ಸೊರ್ ಎಂದು ಎಳೆದುಕೊಂಡು ತಲೆ ಎತ್ತಿದರು. ಮಾಸ್ತರ ಅವರನ್ನು ನೋಡಿದ, ಪ್ರೆಸ್ಸನ್ನು ನೋಡಿದ, ನೆಲ ನೋಡಿದ.

“ನಿಮ್ಮದೇನ್ರಿ ಸರ ಅದು?” ಗವಿಸಿದ್ಧ ಕೇಳಿದ. ಎಷ್ಟು ಮೆತ್ತಗೆ ಕೇಳಿದನೆಂದರೆ, ನಾನಾಗಿದ್ದರೆ ಹೂಂ ಅನ್ನುತ್ತಿದ್ದೆ.

“ಅಲ್ಲ” ಎಂದ ಮಾಸ್ತರ. “ನನ್ನದಲ್ಲ. ಯಾರದೋ ಇರಬೇಕು.”

ಎರಡು ವರ್ಷ ನನ್ನ ಗುಳ್ಳೆ ಗುಳ್ಳೆಗೂ ಬಿಳಿ ಬಳಿದು, ಉಸಿರು ಹಿಡಿದು ಅಕ್ಷರ ಬರೆದವನು! ನನ್ನದಲ್ಲ ಎಂದುಬಿಟ್ಟ! ನನ್ನ ಮೈಮೇಲೆ ಪ್ರೆಸ್ಸಿನ ಭಾರ ಇತ್ತು, ಅದರ ನೋವು ನೋವೇ ಅಲ್ಲ ಅನ್ನಿಸಿತು.

ಗವಿಸಿದ್ಧ ಸೂಜಿಗೆ ದಾರ ಪೋಣಿಸಿದ. “ಆತ್ರಿ” ಎಂದ. “ಯಾರದೂ ಅಲ್ಲದ್ದನ್ನ ನಾ ಇಟ್ಕೊಳ್ಳಾಕ ಬರಂಗಿಲ್ಲ. ಚೀಲದಾಗ ಬಂದದ್ದು ಚೀಲದಾಗ ಹೋಗತೈತಿ. ಸೋಮವಾರ ಅಕ್ಕೋರ ಕೈಯಾಗ ಕೊಡತೀನಿ.”

“ಈಗ… ಈಗ ಕೊಟ್ರ ನಾನ ಒಯ್ಯತಿದ್ದೆ.”

“ತಡೀರಿ” ಎಂದ ಗವಿಸಿದ್ಧ, ಅವನ ಕಡೆ ನೋಡದೆ. “ಒಣಗಬೇಕು.”

ಮಾಸ್ತರ ಹೋದ. ಭಾನುವಾರ ಅಂಗಡಿ ಮುಚ್ಚಿತ್ತು. ನಾನು ಪ್ರೆಸ್ಸಿನಲ್ಲಿ ಮಲಗಿ ಮಾಸ್ತರನಿಗೆ ಬೈದೆ, ಬೈಂಡರನಿಗೆ ಬೈದೆ. ಬೈಯುತ್ತ ಬೈಯುತ್ತ ಇಬ್ಬರ ಮೇಲೂ ಕನಿಕರ ಬಂತು. ನನ್ನೊಳಗಿನವರಾದರೂ ಬಿರುಗಾಳಿಗೆ ಎದೆ ಕೊಟ್ಟಿದ್ದರು. ಇವರಿಬ್ಬರೂ ಒಂದು ಬಸಿ ಚಹಾಕ್ಕೆ ಹೆದರಿದ್ದರು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ಟಾಫ್ ರೂಮಿನ ದೊಡ್ಡ ಮೇಜಿನ ಮೇಲೆ ಚೀಲ ಬಿಚ್ಚಿತು. ಹೆಡ್ ಮಾಸ್ತರರು ಪೇಪರ್ ಓದುತ್ತಿದ್ದರು. ಡ್ರಾಯಿಂಗ್ ಮಾಸ್ತರ ಮೂಲೆಯ ಕುರ್ಚಿಯಲ್ಲಿದ್ದ. ಮುಖದಲ್ಲಿ ರಕ್ತ ಇರಲಿಲ್ಲ. ಗವಿಸಿದ್ಧ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅಕ್ಕೋರು ಕನ್ನಡಕ ಏರಿಸಿ, ಮುದ್ರೆಯ ಪ್ಯಾಡಿಗೆ ನಾಲ್ಕು ಹನಿ ಶಾಯಿ ಹಾಕಿ, ಕೆಲಸ ಶುರು ಮಾಡಿದರು. ಮೊದಲ ಪುಟ, ಟಪ್. ನಲವತ್ಮೂರನೇ ಪುಟ, ಟಪ್. ಪಕ್ಕಕ್ಕೆ. ಇನ್ನೊಂದು. ಟಪ್, ಟಪ್.

ನಾನು ರಾಶಿಯ ನಡುವೆ ಇದ್ದೆ. ನನ್ನ ಮೇಲಿನ ಪುಸ್ತಕಗಳು ಕರಗುತ್ತ ಬಂದವು. ಮೇಲೆ ಐದು ಉಳಿದವು, ಮೂರು, ಒಂದು. ಕೊನೆಗೆ ಅಕ್ಕೋರ ಕೈ ನನ್ನ ಮೇಲೆ ಬಂತು.

“ನೀಲಿ ಬಟ್ಟಿ ಚಲೋ ಹಾಕೀರಿ, ಗವಿಸಿದ್ಧಪ್ಪ” ಎಂದು ಮೊದಲ ಪುಟಕ್ಕೆ ಟಪ್ ಎನಿಸಿದರು. ಹೆಬ್ಬೆರಳಿನಿಂದ ಹಾಳೆಗಳನ್ನು ಹಾರಿಸಿಕೊಂಡು ಬಂದು ನಲವತ್ಮೂರನ್ನು ತೆರೆದರು. ಟಪ್. ಮುದ್ರೆ ಸರಿಯಾಗಿ ರೆಂಜಿಯ ಭುಜದ ಮೇಲೆ ಬಿತ್ತು. ಆಮೇಲೆ ಅಕ್ಕೋರು ಮುಚ್ಚಲಿಲ್ಲ. ನೋಡಿದರು.

ಅವರು ಕಂಡದ್ದೇನು? ಎಡ ಬಲ ಅದಲು ಬದಲಾಗಿತ್ತಲ್ಲ! ಮುತ್ತು ಕೊಡುತ್ತಿದ್ದ ಇಬ್ಬರೂ ಈಗ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತಿದ್ದರು. ಒಬ್ಬನ ಮುಖ ಆ ಅಂಚಿಗೆ, ಇನ್ನೊಬ್ಬನದು ಈ ಅಂಚಿಗೆ.

“ಇವ್ಯಾಕ ಮಾರಿ ತಿರುವಿ ಕುಂತಾವ?” ಎಂದರು ಅಕ್ಕೋರು. “ಜಗಳಾ ಆಗೈತೇನು?” ಗುಳ್ಳೆಯೊಳಗಿನ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದರು: “‘ಅಳಬ್ಯಾಡ. ನಾ ಇಲ್ಲೇ ಅದೀನಿ.’ ಅಯ್ಯ! ಬೆನ್ನ ತಿರುವಿ ಕುಂತು ಯಾರರ ಇಲ್ಲೇ ಅದೀನಿ ಅಂತಾರೇನು?”

ಹೆಡ್ ಮಾಸ್ತರರು ಪೇಪರಿನ ಹಿಂದಿನಿಂದ ನಕ್ಕರು. ನನ್ನ ಜೀವ ಅರ್ಧ ವಾಪಸು ಬಂತು. ಬೈಂಡರನ ತಪ್ಪು ನಮ್ಮನ್ನು ಉಳಿಸಿತು ಅಂದುಕೊಂಡೆ. ಅಷ್ಟರಲ್ಲಿ ಅಕ್ಕೋರ ಮುಖದಲ್ಲಿ ನಗು ಮಾಯವಾಯಿತು. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ‘ಅಳಬ್ಯಾಡ’ದ ‘ಳ’ವನ್ನು ದಿಟ್ಟಿಸಿದರು. ಅದರ ಬಾಲ ಕೆಳಗಿಳಿದು ಹಿಂದಕ್ಕೆ ಸುತ್ತಿಕೊಂಡಿತ್ತು.

“ಬಡಿಗೇರ ಮಾಸ್ತರ, ಇದು ನಿಮ್ಮ ಅಕ್ಷರ ಅಲ್ಲೇನ್ರಿ?”

ಅಕ್ಕೋರ ಹೆಬ್ಬೆರಳು ಹಾಳೆಯ ಮೂಲೆಯ ಕೆಳಗೆ ಸೇರಿತು, ಮುಂದಿನ ಪುಟ ನೋಡಲು. ನಲವತ್ನಾಲ್ಕನೇ ಪುಟದಲ್ಲಿ ಇಬ್ಬರೂ ಒಂದೇ ಪುಟದೊಳಗೆ ಇದ್ದರು. ಅಲ್ಲಿ ಬೆನ್ನು ತಿರುಗಿಸಿ ಕೂತವರು ಯಾರೂ ಇರಲಿಲ್ಲ. ಅದನ್ನು ಯಾವ ಬೈಂಡರನ ತಪ್ಪೂ ಮುಚ್ಚಲಾರದು. ಹಾಳೆ ಅರ್ಧ ಎದ್ದಿತು.

ಮೂಲೆಯ ಕುರ್ಚಿ ದಡಕ್ಕನೆ ಹಿಂದಕ್ಕೆ ಸರಿಯಿತು.

“ಅಕ್ಕೋರ, ಅದು ನಂದು.”

“ಅದು ನಂದ್ರಿ ಅಕ್ಕೋರ, ತಪ್ಪಿ ಚೀಲದಾಗ ಬಂದೈತಿ.”

ಎರಡೂ ಮಾತು ಒಟ್ಟಿಗೇ ಬಂದವು. ಒಂದು ಮೂಲೆಯಿಂದ, ಒಂದು ಬಾಗಿಲಿನಿಂದ. ಹೆಡ್ ಮಾಸ್ತರರ ಪೇಪರ್ ಕೆಳಗಿಳಿಯಿತು. ಮಾಸ್ತರ ಬಾಗಿಲ ಕಡೆ ನೋಡಿದ, ಗವಿಸಿದ್ಧ ಮೂಲೆಯ ಕಡೆ ನೋಡಿದ. ನಾನು ಮೇಜಿನ ಮೇಲೆ, ಅರ್ಧ ಎದ್ದ ಹಾಳೆಯೊಂದಿಗೆ, ನಡುವೆ.

“ಒಂದ ಪುಸ್ತಕ, ಇಬ್ಬರದೂ ಹೆಂಗಾಗತೈತ್ರಿ?” ಎಂದರು ಅಕ್ಕೋರು.

ಮಾಸ್ತರ ಮೇಜಿನ ಹತ್ತಿರ ಬಂದ. ದನಿ ನಡುಗಲಿಲ್ಲ.

“ಬರದಾಂವ ನಾನು. ಹೊಲದಾಂವ ಅವರು. ಇಬ್ಬರದೂ ಆತಲ್ರಿ.”

ಅಕ್ಕೋರು ಅವನನ್ನು ನೋಡಿದರು. ಬಾಗಿಲಲ್ಲಿ ನಿಂತವನನ್ನು ನೋಡಿದರು. ಮೂವತ್ತು ವರ್ಷ ಮಕ್ಕಳ ಮುಖ ಓದಿದ ಕಣ್ಣು ಅವು. ಅರ್ಧ ಎದ್ದಿದ್ದ ಹಾಳೆಯನ್ನು ಮೆಲ್ಲಗೆ ಕೆಳಗಿಳಿಸಿ ಅಂಗೈಯಿಂದ ಸವರಿದರು.

“ಏನ್ರಿ ಅಕ್ಕೋರ ಅದು?” ಹೆಡ್ ಮಾಸ್ತರರು ಕೇಳಿದರು.

“ಏನಿಲ್ರಿ ಸರ. ಪಟ್ಟಿಯೊಳಗ ಇಲ್ಲದ್ದು ಒಂದು ನುಸುಳಿತ್ತು. ನಾನ ನೋಡದ ಹಾಕೀನಿ, ತಪ್ಪು ನಂದ.” ಕೆಂಪು ಪೆನ್ನು ತೆಗೆದು, ನನ್ನ ಮೊದಲ ಪುಟದ ಮುದ್ರೆಗೆ ಅಡ್ಡ ಗೆರೆ ಎಳೆದು ‘ರದ್ದು’ ಎಂದು ಬರೆದರು. ನಲವತ್ಮೂರರ ಮುದ್ರೆಗೂ ಹಾಗೇ ಮಾಡಿ, ಕೆಳಗೆ ಸಹಿ ಹಾಕಿ, ನನ್ನನ್ನು ಮುಚ್ಚಿ ಮೇಜಿನ ಅಂಚಿಗೆ ದೂಡಿದರು. “ಯಾರರ ಒಬ್ಬರು ತಗೊಂಡ ಹೋಗ್ರಿ. ನನಗ ಇನ್ನೂ ಹೊರಿ ಕೆಲಸ ಐತಿ.” ಟಪ್, ಟಪ್ ಎಂದು ಮುಂದಿನ ಪುಸ್ತಕ ಶುರುವಾಯಿತು.

ಮಾಸ್ತರ ನನ್ನನ್ನು ಎತ್ತಿಕೊಂಡ. ಎದೆಗೆ ಒತ್ತಿ ಹಿಡಿದಿದ್ದ, ಅವನ ಎದೆ ಬಡಿಯುವುದು ನನ್ನ ರಟ್ಟಿಗೆ ಕೇಳುತ್ತಿತ್ತು. ಇಬ್ಬರೂ ಪ್ರೆಸ್ಸುಗಳ ಓಣಿಯವರೆಗೆ ನಡೆದರು. ಅಂಗಡಿಯೊಳಗೆ ಬಂದ ಮೇಲೆ ಮಾಸ್ತರ ಸ್ಟೂಲಿನ ಮೇಲೆ ಕೂತು ನನ್ನನ್ನು ತೆರೆದ. ಮೊದಲ ಸಲ ಸರಿಯಾಗಿ ನೋಡಿದ. ನೋಡಿ, ನಗಲೋ ಅಳಲೋ ತಿಳಿಯದೆ ಒದ್ದಾಡಿದ.

“ಗವಿಸಿದ್ಧಪ್ಪ, ಪೂರಾ ಉಲ್ಟಾ ಹೊಲದೀರಲ್ರಿ!”

“ಯಾರು, ನಾನು?” ಗವಿಸಿದ್ಧನಿಗೆ ಸಿಟ್ಟೇ ಬಂತು. “ಉಲ್ಟಾ ಇದ್ದದ್ದನ್ನ ಸೀದಾ ಮಾಡೀನ್ರಿ. ನಂಬರ್ ನೋಡ್ರಿ ಬೇಕಾದ್ರ. ಒಂದರಿಂದ ನೂರಾ ತೊಂಬತ್ತೆರಡು. ಒಂದರ ತಪ್ಪೈತೇನು?”

ಮಾಸ್ತರ ಜಪಾನಿನ ಪದ್ಧತಿಯನ್ನು ಬಿಡಿಸಿ ಹೇಳಿದ. ಗವಿಸಿದ್ಧನ ಮುಖ ಸಣ್ಣದಾಯಿತು. ಹದಿನಾರು ವರ್ಷದ ಕಸುಬಿನಲ್ಲಿ ಅವನು ಒಪ್ಪಿಕೊಂಡ ಮೊದಲ ತಪ್ಪು ಅದು. ಹೇಳುತ್ತ ಹೇಳುತ್ತ ಮಾಸ್ತರ ಕೊನೆಯ ಪುಟಗಳಿಗೆ ಬಂದ. ಅಲ್ಲಿ ಅವನ ಮಾತು ನಿಂತಿತು.

ಹಿಮ ಬೀಳುತ್ತಿತ್ತು. ರೈಲು ನಿಂತಿತ್ತು. ಎಡಗಡೆಯ ಪುಟದಿಂದ ಇಸಾವೊ ಬಲಕ್ಕೆ ಮುಖ ಮಾಡಿ ಬರುತ್ತಿದ್ದ. ಬಲಗಡೆಯ ಪುಟದಿಂದ ರೆಂಜಿ ಎಡಕ್ಕೆ ಮುಖ ಮಾಡಿ ಬರುತ್ತಿದ್ದ. ಇಬ್ಬರ ನಡುವೆ ನೀಲಿ ಬೆನ್ನಿನ ಒಂದು ಮಡಿಕೆ, ಅಷ್ಟೇ.

“ಇವರು ಇಲ್ಲಿ ಅಗಲಿ ಹೋಗತಾರ್ರಿ” ಎಂದ ಮಾಸ್ತರ. ಕಣ್ಣು ತುಂಬಿತ್ತು. “ಖರೆ ಪುಸ್ತಕದಾಗ ಬೆನ್ನ ಹಾಕಿ ಹೋಗಿಬಿಡತಾರ. ಮತ್ತ ಕೂಡಂಗಿಲ್ಲ.”

“ಹಂಗಿತ್ತೇನ್ರಿ?” ಗವಿಸಿದ್ಧ ಅವನ ಪಕ್ಕದಲ್ಲಿ ಬಗ್ಗಿ ನೋಡಿದ. “ನನಗ ಹಂಗ ಕಾಣಲಿಲ್ಲ. ಇಬ್ಬರೂ ಒಬ್ಬರ ಕಡೆ ಒಬ್ಬರು ಬರಾಕತ್ತಾರ ಅಂತ ತಿಳದೆ. ಓದಿ ಮುಗಿಸಿ ಭಾಳ ಸಮಾಧಾನ ಆಗಿತ್ತು.” ನೆಲ ನೋಡುತ್ತ ಕೇಳಿದ: “ಬಿಚ್ಚಿ ಮೊದಲಿನಂಗ ಹೊಲೀಲೇನ್ರಿ?”

ಮಾಸ್ತರ ನನ್ನ ಕೊನೆಯ ಹಾಳೆಯ ಮೇಲೆ ಕೈ ಇಟ್ಟ. ಆ ಕೈಯ ಮೇಲೆ ಅಂಟು ಮೆತ್ತಿದ ದಪ್ಪ ಬೆರಳಿನ ಇನ್ನೊಂದು ಕೈ ಬಂದು ಕೂತಿತು.

“ಬ್ಯಾಡ” ಎಂದ ಮಾಸ್ತರ. “ತಡೀರಿ. ಒಣಗಲಿ.”

ಅದೆಲ್ಲ ಆಗಿ ಇಪ್ಪತ್ತೆರಡು ವರ್ಷವಾಯಿತು. ಮುಂದಿನ ಏಪ್ರಿಲ್‌ನಲ್ಲಿ ಹೊಸಮನಿ ಅಕ್ಕೋರು ಪಟ್ಟಿ ಹಿಡಿದು ತಾವೇ ಅಂಗಡಿಗೆ ಬಂದಿದ್ದರು. ಹೋಗುವಾಗ ಬಾಗಿಲಲ್ಲಿ ತಿರುಗಿ, “ಆ ಇಬ್ಬರದು ಜಗಳಾ ಮುಗೀತೇನ್ರಿ?” ಎಂದು ಕೇಳಿದರು. ಗವಿಸಿದ್ಧ ತಲೆ ತಗ್ಗಿಸಿ, “ಮುಗೀತ್ರಿ” ಎಂದ. “ಚಲೋ ಆತು” ಎಂದು ಹೋದರು. ಅವರಿಗೆ ಎಷ್ಟು ತಿಳಿದಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ನಾನೀಗ ಮುದುಕ. ಹಾಳೆ ಹಳದಿಯಾಗಿದೆ, ಬಿಳಿ ಬಣ್ಣ ಅಲ್ಲಲ್ಲಿ ಉದುರಿ ಕೆಳಗಿನ ಇಂಗ್ಲಿಷ್ ಇಣುಕುತ್ತದೆ. ಮೈಲುತುತ್ತಿನ ದಯೆಯಿಂದ ಹುಳ ಹತ್ತಿಲ್ಲ. ಪ್ರೆಸ್ಸಿನ ಮೇಲಿನ ಗೂಡಿನಲ್ಲಿ ನನ್ನ ಜಾಗ. ಮುತ್ತು ಕಳೆದುಕೊಂಡ ದುಃಖ ಇದ್ದೇ ಇದೆ, ಅದನ್ನು ಮುಚ್ಚಿಟ್ಟು ನಾನೇಕೆ ದೊಡ್ಡವನಾಗಲಿ? ಆದರೂ ನನ್ನನ್ನು ಬರೆದವರು ಯಾರೋ, ಅವರಿಗೆ ಒಂದು ಮಾತು ಹೇಳುವ ಆಸೆ. ನೀವು ಅಗಲಿಸಿದವರನ್ನು ಗದಗಿನ ಒಬ್ಬ ಬೈಂಡರ್, ಗೊತ್ತಿಲ್ಲದೆಯೇ, ಕೂಡಿಸಿಬಿಟ್ಟ.

ಮಾಸ್ತರ ಒಂದೆರಡು ಸಲ ನನ್ನನ್ನು ಮನೆಗೆ ಒಯ್ಯುತ್ತೇನೆ ಎಂದದ್ದುಂಟು. ಗವಿಸಿದ್ಧ ಕೊಡಲಿಲ್ಲ. ಪುಟ ತಪ್ಪಿದ ಪುಸ್ತಕ ತನ್ನ ಹೊಸ್ತಿಲು ದಾಟುವುದಿಲ್ಲ ಎಂದು ಊರಿಗೆಲ್ಲ ಹೇಳಿದವನು ಅವನು. ಒಂದು ಸಲ ತಿಳಿಯದೆ ದಾಟಿಸಿದ್ದ, ತಿಳಿದ ಮೇಲೆ ದಾಟಿಸುವವನಲ್ಲ. ಹಾಗಾಗಿ ನನ್ನನ್ನು ಓದಬೇಕಾದರೆ ಮಾಸ್ತರನೇ ಇಲ್ಲಿಗೆ ಬರಬೇಕು. ಈಗ ಪೆನ್ಶನ್ ಆಗಿದೆ, ಮೊಣಕಾಲು ನೋವು ಬೇರೆ, ಓಣಿಯ ಏರು ಹತ್ತುವಾಗ ಎರಡು ಕಡೆ ನಿಲ್ಲುತ್ತಾನೆ. ಆದರೂ ದಿನಾ ಬರುತ್ತಾನೆ.